ಕಸಾರಾ ಘಟ್ಟದ ಆಚೆ ಒಂದು ವಾರ: ಮರಾಠವಾಡವೋ, ಮಾಳವವೋ, ವಿದರ್ಭವೋ, ಬುಂದೇಲಖಂಡವೋ?

ಮುಂಬಯಿ ಕನ್ನಡಿಗರಿಗೆ ಊರಿನ ರೈಲು ಅಂದರೆ ಎರಡೇ ದಾರಿ. ಕರಾವಳಿಯವರಿಗೆ ಪನ್ವೇಲ್ ದಾಟಿ ರತ್ನಾಗಿರಿ, ಮಡಗಾಂವ್, ಉಡುಪಿ. ಉತ್ತರ ಕರ್ನಾಟಕದವರಿಗೆ ಪುಣೆ, ಸೊಲ್ಲಾಪುರ, ಕಲಬುರಗಿ. ಕಲ್ಯಾಣದಲ್ಲಿ ಹಳಿ ಕವಲೊಡೆದು ಕಸಾರಾ ಘಟ್ಟ ಹತ್ತುವ ಮೂರನೇ ದಾರಿಯಲ್ಲಿ ನಾಸಿಕ, ಶಿರಡಿಯವರೆಗೆ ಹೋದವರು ಬೇಕಾದಷ್ಟು ಮಂದಿ. ಅಲ್ಲಿಂದ ಮುಂದೆ ಹೋದವರು ಕಡಿಮೆ. ದೀಪಾವಳಿಯ ರಜೆ ಹತ್ತಿರ ಬಂದಾಗ ಡೊಂಬಿವಲಿಯಲ್ಲೂ ಕೋಥ್ರೂಡಿನಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ಒಂದು ವಾರ ಸಿಕ್ಕಿದೆ, ದೇಶದ ನಡುನಾಡು ನೋಡಬೇಕು, ಯಾವ ಕಡೆ ಹೋಗಲಿ?

ಮಹಾರಾಷ್ಟ್ರದ ಮರಾಠವಾಡ, ವಿದರ್ಭ, ಮಧ್ಯಪ್ರದೇಶದ ಮಾಳವ, ಎರಡು ರಾಜ್ಯಗಳಲ್ಲಿ ಹಂಚಿಹೋದ ಬುಂದೇಲಖಂಡ, ಈ ನಾಲ್ಕನ್ನೂ ಒಂದೇ ವಾರಕ್ಕೆ ತುರುಕಲು ಆಗುವುದಿಲ್ಲ. ನಕಾಶೆಯಲ್ಲಿ ಗೇಣು ದೂರ ಕಾಣುವ ಇಂದೋರಿನಿಂದ ಖಜುರಾಹೋಗೆ ರಸ್ತೆಯಲ್ಲಿ 500 ಕಿ.ಮೀ.ಗೂ ಹೆಚ್ಚು. ಇನ್ನೊಂದು ತಪ್ಪು ರಾಜ್ಯದ ಗಡಿ ನೋಡಿ ಆರಿಸುವುದು. "ಮಹಾರಾಷ್ಟ್ರ ನಮಗೆ ಗೊತ್ತು, ಮಧ್ಯಪ್ರದೇಶ ಗೊತ್ತಿಲ್ಲ" ಎಂದು ವಿದರ್ಭದ ನಾಗಪುರಕ್ಕೆ ಹೋದ ಪುಣೆಯವರಿಗೆ ಅಲ್ಲಿನ ಮಾತು, ಊಟ ಎರಡೂ ಹೊಸದಾಗಿ ಕಂಡಿತು. ಮಾಳವದ ಇಂದೋರಿಗೆ ಹೋದವರಿಗೆ ಮನೆಯ ಹಿತ್ತಿಲಿಗೆ ಬಂದಂತಾಯಿತು. ಕಾರಣ ಇತಿಹಾಸದಲ್ಲಿದೆ. ಮರಾಠವಾಡ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ವಿದರ್ಭ ಬ್ರಿಟಿಷರ ಮಧ್ಯಪ್ರಾಂತ ಮತ್ತು ಬೇರಾರ್ ಪ್ರಾಂತದಲ್ಲಿತ್ತು. ಇವೆರಡೂ ಮುಂಬಯಿ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮಾಳವವನ್ನಾದರೋ ಹದಿನೆಂಟನೇ ಶತಮಾನದಿಂದ ಹೋಳ್ಕರ್, ಶಿಂದೆ, ಪವಾರ್ ಎಂಬ ಮರಾಠಾ ಮನೆತನಗಳು ಆಳಿದವು. ಆದ್ದರಿಂದ ಯಾವ ನಾಡು ನಿಮಗೆ ಹತ್ತಿರ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ತಿಂಗಳು. ಈ ನಾಲ್ಕೂ ಕಡಲಿನ ತಂಪು ತಲುಪದ ನಾಡುಗಳು. ಏಪ್ರಿಲ್–ಮೇ ತಿಂಗಳಲ್ಲಿ ವಿದರ್ಭ, ಬುಂದೇಲಖಂಡಗಳಲ್ಲಿ 45 ಡಿಗ್ರಿ ಮುಟ್ಟುವುದು ಸಾಮಾನ್ಯ. ಬೆವರಿಳಿಸುವ ಮುಂಬಯಿಯ ಸೆಕೆ ಬೇರೆ, ಬೆವರು ಕಾಣುವ ಮೊದಲೇ ಒಣಗಿಸುವ ಈ ಬಿಸಿಲು ಬೇರೆ. ಬಾಯಾರಿಕೆ ಗೊತ್ತಾಗುವಷ್ಟರಲ್ಲಿ ತಲೆ ಸುತ್ತುತ್ತದೆ. ಶಾಲೆಯ ಬೇಸಿಗೆ ರಜೆಯಲ್ಲೇ ಹೋಗಬೇಕೆಂದರೆ ಈ ಲೇಖನ ಮಡಚಿಟ್ಟು ಊರಿಗೆ ಹೋಗಿ. ದಸರೆಯಿಂದ ಫೆಬ್ರವರಿವರೆಗೆ ನಾಲ್ಕೂ ಸರಿ. ಮಳೆಗಾಲಕ್ಕೆ ಒಂದೆರಡು ಮಾತ್ರ.

ಎರಡನೆಯದು ರೈಲು ಇಳಿದ ಮೇಲಿನ ಓಡಾಟ. ಖರ್ಚು ಬೆಳೆಯುವುದು ಟಿಕೆಟಿನಲ್ಲಲ್ಲ, ಅಲ್ಲಿ ಹಿಡಿಯುವ ಕಾರಿನಲ್ಲಿ. ಊರು ಬಿಟ್ಟು ಹೊರಗೆ ಹೋಗುವ ಟ್ಯಾಕ್ಸಿಯವರು ಸಾಮಾನ್ಯವಾಗಿ ದಿನಕ್ಕೆ 250 ಅಥವಾ 300 ಕಿ.ಮೀ. ಕನಿಷ್ಠ ಲೆಕ್ಕ ಹಿಡಿಯುತ್ತಾರೆ. ನೀವು 60 ಕಿ.ಮೀ. ಓಡಿದರೂ ಹಣ ಅಷ್ಟಕ್ಕೇ. ಹಾಗಾಗಿ ದೂರದ ಜಾಗಗಳನ್ನು ಒಂದೇ ದಿನಕ್ಕೆ ಕಟ್ಟಿ, ಹತ್ತಿರದವಕ್ಕೆ ಆಟೋ, ಬಸ್ಸು ನೋಡಿಕೊಳ್ಳಿ. ಬಸ್ಸಿನ ವಿಷಯದಲ್ಲಿ ಎರಡು ರಾಜ್ಯಗಳಿಗೂ ಅಜಗಜಾಂತರ. ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್, 75 ದಾಟಿದವರಿಗೆ ಉಚಿತ. ಮಧ್ಯಪ್ರದೇಶದ ಸಾರಿಗೆ ನಿಗಮ 2005ರಲ್ಲೇ ಮುಚ್ಚಿತು, ಅಲ್ಲಿ ಖಾಸಗಿ ಬಸ್ಸುಗಳೇ ಗತಿ. ಸೀಟು ತುಂಬುವವರೆಗೆ ಅವು ಹೊರಡುವುದಿಲ್ಲ.

ಮೂರನೆಯದು ಜೊತೆಯಲ್ಲಿ ಯಾರಿದ್ದಾರೆ ಎಂಬುದು, ಅಂದರೆ ಮೆಟ್ಟಿಲು. ಇದನ್ನು ಯಾರೂ ಕೇಳುವುದಿಲ್ಲ, ಪ್ರವಾಸ ಕೆಡುವುದು ಮಾತ್ರ ಹೆಚ್ಚಾಗಿ ಇದರಿಂದಲೇ. ಊಟ ನಾಲ್ಕನೆಯದು. ಭಾಷೆಯ ಚಿಂತೆ ಬೇಡ, ಮುಂಬಯಿ–ಪುಣೆಯವರ ಹಿಂದಿ, ಮರಾಠಿ ನಾಲ್ಕೂ ಕಡೆ ಸಾಕು.

ಮರಾಠವಾಡ: ಕನ್ನಡಿಗರಿಗೆ ನೆಂಟರ ನಾಡು

ಛತ್ರಪತಿ ಸಂಭಾಜಿನಗರ (ಹಳೆಯ ಔರಂಗಾಬಾದ್), ಜಾಲ್ನಾ, ಬೀಡ್, ಧಾರಾಶಿವ, ಲಾತೂರ್, ನಾಂದೇಡ್, ಪರಭಣಿ, ಹಿಂಗೋಲಿ ಎಂಬ ಎಂಟು ಜಿಲ್ಲೆಗಳು. ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ವಿಮೋಚನಾ ದಿನದ ಧ್ವಜ ಏರುವ ಹೊತ್ತಿಗೆ ಇಲ್ಲಿಯೂ ಮರಾಠವಾಡ ಮುಕ್ತಿ ದಿನದ ಧ್ವಜ ಏರುತ್ತದೆ. ಒಂದೇ ಸಂಸ್ಥಾನದಿಂದ ಬಿಡುಗಡೆಯಾದ ನಾಡು 1956ರಲ್ಲಿ ಭಾಷೆಯ ಲೆಕ್ಕದಲ್ಲಿ ಪಾಲಾಯಿತು: ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ, ಇವು ಮುಂಬಯಿ ರಾಜ್ಯಕ್ಕೆ. ಅದೇ ಎರೆಮಣ್ಣು, ಅದೇ ಜೋಳ, ತೊಗರಿ, ಅದೇ ದಖನಿ ಉರ್ದು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬರುವ ಬಹಳ ಮೊದಲೇ ಮರಾಠವಾಡಕ್ಕೂ ವಿದರ್ಭಕ್ಕೂ 371(2) ಇತ್ತು. "ನಮ್ಮ ಪಾಲಿನ ನೀರು, ನೌಕರಿ ಪಶ್ಚಿಮ ಮಹಾರಾಷ್ಟ್ರದವರು ತಿಂದರು" ಎಂಬ ಅಲ್ಲಿಯ ಚಹಾದಂಗಡಿಯ ಮಾತು ಕಲಬುರಗಿಯವರ ಕಿವಿಗೆ ಹೊಸದಲ್ಲ.

ನೀರಿನ ಸಿಟ್ಟಿಗೆ ಕಾರಣ ಸಹ್ಯಾದ್ರಿ. ಮುಂಬಯಿಗೆ ವರ್ಷಕ್ಕೆ 2000 ಮಿ.ಮೀ. ದಾಟಿ ಸುರಿಯುವ ಮಳೆ ಘಟ್ಟ ಹತ್ತಿ ಇಳಿಯುವಷ್ಟರಲ್ಲಿ ಮುಗಿದಿರುತ್ತದೆ. ಬೀಡ್, ಧಾರಾಶಿವದ ಪಾಲಿಗೆ ಬರುವುದು ಅದರ ಮೂರನೇ ಒಂದರಷ್ಟು. 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಿಗೆ ಕುಡಿಯುವ ನೀರು ರೈಲಿನ ಟ್ಯಾಂಕರುಗಳಲ್ಲಿ ಬಂತು. ಜನವರಿಯ ನಂತರ ಹೋಗುವವರು ಸಣ್ಣ ಊರುಗಳ ಲಾಡ್ಜಿನಲ್ಲಿ ನೀರು ಬರುವ ಹೊತ್ತು ಕೇಳಿಯೇ ಕೋಣೆ ಹಿಡಿಯಿರಿ.

ನೋಡುವುದಕ್ಕೆ ಬಂದರೆ, ವೆರೂಳ ಅಂದರೆ ಎಲ್ಲೋರ ಸಾಕು. 34 ಗುಹೆಗಳಲ್ಲಿ 1ರಿಂದ 12 ಬೌದ್ಧ, 13ರಿಂದ 29 ವೈದಿಕ, 30ರಿಂದ 34 ಜೈನ. ಹದಿನಾರನೆಯದು ಕೈಲಾಸ. ಮಾನ್ಯಖೇಟದ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ, ಎಂಟನೇ ಶತಮಾನದಲ್ಲಿ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದದ್ದು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನೋಡಿದವರಿಗೆ ಇದರ ವಿನ್ಯಾಸ ಕೂಡಲೇ ಗುರುತು ಸಿಗುತ್ತದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳಿದ್ದು ಇದಾದ ಮುಂದಿನ ಶತಮಾನದಲ್ಲಿ. ಆ ಗೋದಾವರಿ ಇಲ್ಲಿಂದ ದಕ್ಷಿಣಕ್ಕೆ, ಪೈಠಣದಲ್ಲಿ ಹರಿಯುತ್ತದೆ. ಎಲ್ಲೋರದ ಗುಹೆಗಳು ಪಶ್ಚಿಮಕ್ಕೆ ಮುಖ ಮಾಡಿವೆ, ಹೀಗಾಗಿ ಬೆಳಕು ಚೆನ್ನಾಗಿ ಒಳ ಬೀಳುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ದೌಲತಾಬಾದ್ ಕೋಟೆ ಹತ್ತಿ, ಊಟ ಮುಗಿಸಿ ಎಲ್ಲೋರಕ್ಕೆ ಬರುವುದು ಸರಿಯಾದ ಕ್ರಮ. ಹೆಚ್ಚಿನವರು ಮಾಡುವುದು ತಿರುವುಮುರುವು.

ಎಡವುವುದು ವಾರದಲ್ಲಿ. ಎಲ್ಲೋರಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ. ಶನಿವಾರ ರಾತ್ರಿ ಹೊರಟು ಭಾನುವಾರದ ನೂಕುನುಗ್ಗಲಲ್ಲಿ ಎಲ್ಲೋರ ನೋಡಿ ಸೋಮವಾರ ಅಜಂತಾದ ಬಾಗಿಲಲ್ಲಿ ನಿಲ್ಲುವವರು ಇದ್ದೇ ಇರುತ್ತಾರೆ. ಬುಧವಾರದಿಂದ ಶುಕ್ರವಾರ ಇಟ್ಟುಕೊಂಡರೆ ಎರಡೂ ಸಿಗುತ್ತವೆ, ಜನವೂ ಕಡಿಮೆ. ಅಜಂತಾ ಸಂಭಾಜಿನಗರದಿಂದ ಸುಮಾರು 100 ಕಿ.ಮೀ., ಅದಕ್ಕೆ ಇಡೀ ದಿನ ಬೇಕು. ಕೊನೆಯ 4 ಕಿ.ಮೀ. ನಿಮ್ಮ ಕಾರು ಬಿಡುವುದಿಲ್ಲ, ಅಲ್ಲಿನ ಬಸ್ಸೇ. ಮೇಲೆ ಮೆಟ್ಟಿಲಿವೆ, ಮಂಡಿ ನೋವಿನವರಿಗೆ ಡೋಲಿ ಹೊರುವವರು ಸಿಗುತ್ತಾರೆ. ಹೊತ್ತು ಸಾಲದಿದ್ದರೆ ಚಿತ್ರಗಳಿಗಾಗಿ 1, 2, 16, 17 ಬಿಡಬೇಡಿ. ಒಳಗೆ ಕತ್ತಲು, ಫ್ಲ್ಯಾಷ್ ನಿಷಿದ್ಧ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಸುಮ್ಮನೆ ನಿಂತರೆ ಗೋಡೆ ತಾನಾಗಿ ಬಣ್ಣ ಬಿಡುತ್ತದೆ.

ಅಗ್ಗದಲ್ಲಿ ಮುಗಿಯುವುದೂ ಇದೇ. ಸಂಭಾಜಿನಗರಕ್ಕೆ ಮುಂಬಯಿಯಿಂದ ರೈಲಿನಲ್ಲಿ ಆರೇಳು ಗಂಟೆ, ಪುಣೆಯಿಂದ ರಸ್ತೆಯಲ್ಲಿ ಸುಮಾರು 235 ಕಿ.ಮೀ. ಬೀದರ್, ಕಲಬುರಗಿ ಮೂಲದವರು ಹೋದ ದಾರಿಯಲ್ಲೇ ಮರಳಬೇಕಿಲ್ಲ. ಸಂಭಾಜಿನಗರದಿಂದ ಬೀಡ್ ಮೂಲಕ ಲಾತೂರಿಗೆ ಬಸ್ಸಿನಲ್ಲಿ ಬಂದು, ಅಲ್ಲಿ ಮುಂಬಯಿ–ಬೀದರ್ ಎಕ್ಸ್‌ಪ್ರೆಸ್ ಹಿಡಿದರೆ ಉದಗೀರ, ಭಾಲ್ಕಿ ದಾಟಿ ಬೀದರ್. ಅದು ದಿನವೂ ಇಲ್ಲ, ವಾರ ನೋಡಿಕೊಳ್ಳಿ. ಉದಗೀರ, ನಿಲಂಗಾ, ಉಮರ್ಗಾ ಸೀಮೆಯಲ್ಲಿ ಸಂತೆಯ ದಿನ ಕನ್ನಡ ಕಿವಿಗೆ ಬೀಳುತ್ತದೆ. ಮರಾಠಿ ಬಾರದ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಇದು ಸಣ್ಣ ಅನುಕೂಲವಲ್ಲ.

ಮಾಳವ: ಕುಟುಂಬಕ್ಕೆ ಹದವಾದದ್ದು

ಇಂದೋರ್, ಉಜ್ಜಯಿನಿ, ದೇವಾಸ್, ಧಾರ್, ರತ್ಲಾಮ್, ಮಂದಸೌರ್. ವಿಂಧ್ಯದ ನೆತ್ತಿಯ ಮೇಲೆ ಸುಮಾರು 500 ಮೀಟರ್ ಎತ್ತರದ ಪ್ರಸ್ಥಭೂಮಿ. ಮರಾಠವಾಡದ್ದೇ ಲಾವಾ, ಅದೇ ಕಪ್ಪು ಮಣ್ಣು, ಆದರೆ ಮಳೆ ಹೆಚ್ಚು. "ಪಗ್ ಪಗ್ ರೋಟಿ, ಡಗ್ ಡಗ್ ನೀರ್" ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ: ಹೆಜ್ಜೆಗೊಂದು ರೊಟ್ಟಿ, ಅಡಿಗೊಂದು ನೀರು. ಗೋಧಿ, ಸೋಯಾ ಬೆಳೆದು ಕೊಳವೆ ಬಾವಿ ಕೊರೆದ ಮೇಲೆ ಎರಡನೇ ಅರ್ಧ ಮೊದಲಿನಷ್ಟು ನಿಜವಾಗಿ ಉಳಿದಿಲ್ಲ. ಇಲ್ಲಿನ ಕ್ಷಿಪ್ರಾ, ಚಂಬಲ್ ನದಿಗಳು ಬೆನ್ನು ತಿರುಗಿಸಿ ಉತ್ತರಕ್ಕೆ, ಯಮುನೆಯ ಕಡೆಗೆ ಹರಿಯುತ್ತವೆ. ದಕ್ಷಿಣದಲ್ಲಿ ಮಾತ್ರ ಭೂಮಿ ಥಟ್ಟನೆ ಕುಸಿದು ನರ್ಮದೆಗೆ ಇಳಿಯುತ್ತದೆ. ಆ ತಗ್ಗಿನ ಹೆಸರು ನಿಮಾಡ್. ಪ್ರವಾಸದ ಕಂಪನಿಗಳು ಮಾಳವ ಎಂದು ಮಾರುವ ಮಹೇಶ್ವರ, ಓಂಕಾರೇಶ್ವರಗಳಿರುವುದು ವಾಸ್ತವವಾಗಿ ಈ ನಿಮಾಡಿನಲ್ಲಿ, ಅಲ್ಲಿ ಸೆಕೆ ಹೆಚ್ಚು. ಮೇಲೆ ಇಂದೋರಿನಲ್ಲಿ ಡಿಸೆಂಬರ್ ರಾತ್ರಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಸ್ವೆಟರ್ ಇಟ್ಟುಕೊಳ್ಳದ ಮುಂಬಯಿ ಮಂದಿ ಅಲ್ಲಿಯೇ ಕೊಳ್ಳುತ್ತಾರೆ.

ಮುಂಬಯಿ ಸೆಂಟ್ರಲ್‌ನಿಂದ ರಾತ್ರಿಯ ಅವಂತಿಕಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಉಜ್ಜಯಿನಿ, ನಂತರ ಇಂದೋರ್. ಬೋರಿವಲಿಯವರಿಗೆ ಮನೆ ಬಾಗಿಲಲ್ಲೇ ಸಿಗುತ್ತದೆ. ಪುಣೆಯವರಿಗೆ ದೌಂಡ್–ಇಂದೋರ್ ಎಕ್ಸ್‌ಪ್ರೆಸ್ ಇದೆ, ಆದರೆ ಅದು ಗುಜರಾತನ್ನು ಸುತ್ತಿಕೊಂಡು ಹೋಗುತ್ತದೆ. ಮನ್ಮಾಡ್–ಇಂದೋರ್ ನೇರ ಹಳಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದೇ 2024ರಲ್ಲಿ. ರಸ್ತೆ ಹಿಡಿದರೆ ಹಳೆಯ ಆಗ್ರಾ ರೋಡ್: ನಾಸಿಕ, ಧುಳೆ, ಸೇಂಧ್ವಾ, ಖಲ್‌ಘಾಟ್‌ನಲ್ಲಿ ನರ್ಮದೆ, ಆಮೇಲೆ ಘಟ್ಟ. ಲಾರಿಗಳು ಸಾಲುಗಟ್ಟುವ ಆ ಏರನ್ನು ಕತ್ತಲಾದ ಮೇಲೆ ಹತ್ತಬೇಡಿ.

ಇದರ ದೊಡ್ಡ ಗುಣ ಅಂತರಗಳು. ಇಂದೋರಿನಿಂದ ಉಜ್ಜಯಿನಿ ಸುಮಾರು 55 ಕಿ.ಮೀ., ಓಂಕಾರೇಶ್ವರ 80, ಮಹೇಶ್ವರ 90, ಮಾಂಡು 100. ಒಂದೇ ಊರಿನಲ್ಲಿ ಸೂಟ್‌ಕೇಸ್ ಇಟ್ಟು ಓಡಾಡಬಹುದು. ಆದರೂ ಇಂದೋರಿನಲ್ಲೇ ಐದು ರಾತ್ರಿ ಕಳೆಯುವುದು ದಡ್ಡತನ. ಇಂದೋರ್ ಎರಡು, ಮಹೇಶ್ವರ ಎರಡು, ಮಾಂಡು ಒಂದು ಎಂದು ಹಂಚಿ. ಅಹಲ್ಯಾಬಾಯಿ ಹೋಳ್ಕರ್ 1767ರಿಂದ 1795ರವರೆಗೆ ರಾಜ್ಯವಾಳಿದ್ದು ಮಹೇಶ್ವರದಿಂದ. ಬೆಳಗಿನ ಆರು ಗಂಟೆಯ ಘಾಟ್ ನೋಡಬೇಕಾದರೆ ರಾತ್ರಿ ಅಲ್ಲೇ ಉಳಿದಿರಬೇಕು. ಸೀರೆ ಕೊಳ್ಳುವವರು ಮಗ್ಗದ ಮನೆಗೇ ಹೋಗಿ ಅಂಚನ್ನು ಮಗುಚಿ ನೋಡಿ: ನಿಜವಾದ ಮಹೇಶ್ವರಿಯ ಅಂಚು ಎರಡು ಮಗ್ಗುಲಲ್ಲೂ ಉಡುವಂತಿರುತ್ತದೆ.

ಮಾಂಡು ಮಳೆಗಾಲದ ಊರು. ಜುಲೈ–ಆಗಸ್ಟ್‌ನಲ್ಲಿ ಜಹಾಜ್ ಮಹಲಿನ ಎರಡೂ ಬದಿಯ ಕೆರೆ ತುಂಬಿದಾಗ ಮಾತ್ರ ಅದು ಹಡಗು. ಮೇ ತಿಂಗಳಲ್ಲಿ ಅದೊಂದು ಉದ್ದನೆಯ ಕಟ್ಟಡ. ಆದರೆ ಮೋಡವಿದ್ದರೆ ರೂಪಮತಿ ಮಂಟಪದಿಂದ ನರ್ಮದೆಯ ಗೆರೆ ಕಾಣುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಕೆರೆಯೇ ಮೇಲು.

ಉಜ್ಜಯಿನಿಯ ಮಹಾಕಾಲನ ಭಸ್ಮಾರತಿ ನಸುಕಿನ ನಾಲ್ಕಕ್ಕೆ, ಮೊದಲೇ ನೋಂದಾಯಿಸಿರಬೇಕು. ಶ್ರಾವಣದ ಸೋಮವಾರಗಳಲ್ಲಿ ಹಿರಿಯರನ್ನು ಕರೆದೊಯ್ಯಬೇಡಿ. 2028ರಲ್ಲಿ ಅಲ್ಲಿ ಸಿಂಹಸ್ಥ ಕುಂಭ. ಭಕ್ತಿಗೆಂದು ಹೋಗುವವರ ಮಾತು ಬೇರೆ, ನೋಡಲೆಂದು ಹೋಗುವವರು ಆ ವರ್ಷದ ಏಪ್ರಿಲ್–ಮೇ ಬಿಟ್ಟುಬಿಡಿ.

ಸಸ್ಯಾಹಾರಿಗಳಿಗೆ ನಾಲ್ಕರಲ್ಲಿ ಇದೇ ಸ್ವರ್ಗ. ಇಂದೋರಿನ ಸರಾಫಾದಲ್ಲಿ ಚಿನ್ನದಂಗಡಿಗಳು ಬಾಗಿಲೆಳೆದ ಮೇಲೆ, ಸುಮಾರು ಒಂಬತ್ತಕ್ಕೆ, ಅವುಗಳ ಜಗಲಿಯ ಮೇಲೆಯೇ ತಿಂಡಿ ಅಂಗಡಿಗಳು ತೆರೆಯುತ್ತವೆ. ಮೆಕ್ಕೆಜೋಳದ ತೆನೆ ತುರಿದು ಹಾಲಿನಲ್ಲಿ ಬೇಯಿಸಿದ ಭುಟ್ಟೆ ಕಾ ಕೀಸ್ ಯಾವಾಗಲೂ ಸಿಗುತ್ತದೆ, ಗೆಣಸಿನ ಜಾತಿಯ ಗರಾಡು ಚಳಿಗಾಲಕ್ಕೆ ಮಾತ್ರ. ಬೇಳೆಯ ಜೊತೆ ಗೋಧಿ ಹಿಟ್ಟಿನ ಉಂಡೆ ಬಡಿಸುವ ದಾಲ್ ಬಾಫ್ಲಾ ಮಧ್ಯಾಹ್ನ ತಿಂದರೆ ಸಂಜೆಯವರೆಗೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ, ತುಪ್ಪ ಅಷ್ಟಿರುತ್ತದೆ.

ಅವಲಕ್ಕಿಯ ವಿಷಯ ಇಲ್ಲೇ ಹೇಳಬೇಕು. ನಮ್ಮ ಒಗ್ಗರಣೆ ಅವಲಕ್ಕಿಯ ನಂಟರಾದ ಪುಣೆಯ ಕಾಂದೆ ಪೋಹೆಗೆ ತೆಂಗಿನ ತುರಿ. ಇಂದೋರಿನಲ್ಲಿ ಅದನ್ನು ಹಬೆಯಲ್ಲಿಟ್ಟು, ಸೇವ್ ಉದುರಿಸಿ, ಜೀರಾವನ್ ಪುಡಿ ಚಿಮುಕಿಸಿ, ಪಕ್ಕಕ್ಕೆ ಜಿಲೇಬಿ. ನಾಗಪುರದಲ್ಲಿ ಅದರ ಮೇಲೆ ಕಡಲೆಯ ಖಾರದ ತರ್ರಿ ಸುರಿಯುತ್ತಾರೆ. ನಾಡಿನ ಗೆರೆ ಎಲ್ಲಿ ದಾಟಿತು ಎಂದು ತಿಳಿಯಲು ಬೆಳಗಿನ ತಟ್ಟೆ ನೋಡಿದರೆ ಸಾಕು.

ವಿದರ್ಭ: ಕಾಡು ಬೇಕಾದವರಿಗೆ

ಹನ್ನೊಂದು ಜಿಲ್ಲೆ, ಆದರೆ ಒಳಗೆ ಎರಡು ನಾಡು. ಪಶ್ಚಿಮದ ವರ್‍ಹಾಡ, ಅಂದರೆ ಅಮರಾವತಿ, ಅಕೋಲಾ, ಯವತಮಾಳ, ಹತ್ತಿಯ ಕಪ್ಪು ನೆಲ. ಪೂರ್ವದ ಭಂಡಾರಾ, ಗೋಂದಿಯಾ, ಗಡಚಿರೋಲಿಯಲ್ಲಿ ಲಾವಾದ ಹಾಸು ಮುಗಿದು ಹಳೆಯ ಬಂಡೆ, ಕಾಡು, ಕೆರೆ, ಭತ್ತ. ಕರಾವಳಿಯವರಿಗೆ ಒಳನಾಡಿನಲ್ಲಿ ಅನ್ನ ಸಿಗುವ ಜಾಗ ಬೇಕಿದ್ದರೆ ಅದು ಈ ಪೂರ್ವ ವಿದರ್ಭ. ಇನ್ನೊಂದು ನಂಟೂ ಇದೆ: ಭತ್ತ ಕೊಯ್ಲಾದ ಮೇಲೆ ಗಡಚಿರೋಲಿಯ ವಡಸಾ ಸುತ್ತಿನಲ್ಲಿ ಝಾಡಿಪಟ್ಟಿ ರಂಗಭೂಮಿಯ ತಂಡಗಳು ಊರೂರಲ್ಲಿ ರಾತ್ರಿಯಿಡೀ ನಾಟಕ ಆಡುತ್ತವೆ. ಮೇಳದ ತಿರುಗಾಟ ನೋಡಿ ಬೆಳೆದವರು ದೀಪಾವಳಿಯ ನಂತರ ಹೋದರೆ ಅಪರಿಚಿತರಾಗಿ ಕೂರಬೇಕಾಗಿಲ್ಲ. ಚಾಪೆ, ಶಾಲು ಇರಲಿ.

ನಾಗಪುರ 1956ರವರೆಗೆ ರಾಜಧಾನಿ. ಪ್ರತ್ಯೇಕ ವಿದರ್ಭದ ಬೇಡಿಕೆಯ ಹಿಂದೆ ಆ ಕಳೆದುಕೊಂಡ ಪದವಿಯ ನೆನಪೂ ಇದೆ. ಸಮಾಧಾನಕ್ಕೆಂಬಂತೆ ವಿಧಾನಮಂಡಲದ ಚಳಿಗಾಲದ ಅಧಿವೇಶನ ಅಲ್ಲಿ ನಡೆಯುತ್ತದೆ. ಪ್ರವಾಸಿಗೆ ಇದರ ಅರ್ಥ, ಡಿಸೆಂಬರ್‌ನಲ್ಲಿ ಹೋಟೆಲ್ ಕೋಣೆ ದುಬಾರಿ, ಹಲವು ಸಲ ಸಿಗುವುದೇ ಇಲ್ಲ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ದೀಕ್ಷಾಭೂಮಿ ಇಲ್ಲಿದೆ. ದಸರೆಯ ಸುತ್ತ ಲಕ್ಷಾಂತರ ಜನ ಸೇರುತ್ತಾರೆ, ಆ ದಿನಗಳಲ್ಲಿ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಗಾಂಧೀಜಿಯ ಆಶ್ರಮವಿರುವ ವರ್ಧಾದ ಸೇವಾಗ್ರಾಮಕ್ಕೆ ಅರ್ಧ ದಿನ ಕೊಡಿ.

ಹಣ ಹೋಗುವುದು ತಾಡೋಬಾ ಹುಲಿಧಾಮದಲ್ಲಿ. ಜಿಪ್ಸಿಯ ಆರು ಸೀಟಿನ ಬಾಡಿಗೆ ಹಂಚಿಕೊಂಡರೆ ಸಹ್ಯ, ಇಬ್ಬರೇ ಹೋದರೆ ಜೇಬಿಗೆ ಕತ್ತರಿ. ಒಂದು ಸಫಾರಿಗೆ ಹುಲಿ ಕಾಣದಿರುವುದೇ ಹೆಚ್ಚು ಎಂದುಕೊಂಡು ಕನಿಷ್ಠ ಮೂರಕ್ಕೆ ಹಣ ಇಡಿ, ಇಲ್ಲದಿದ್ದರೆ ಬೇರೆ ನಾಡು ನೋಡಿ. ಕೋರ್ ವಲಯ ಮಂಗಳವಾರ ಮುಚ್ಚಿರುತ್ತದೆ, ಜುಲೈಯಿಂದ ಸೆಪ್ಟೆಂಬರ್‌ವರೆಗೂ ಇಲ್ಲ, ಆಗ ಅಂಚಿನ ಬಫರ್ ಕಾಡು ಮಾತ್ರ. ಬುಕಿಂಗಿನಲ್ಲಿ ಬರೆದ ಗುರುತಿನ ಚೀಟಿಯ ಮೂಲ ಪ್ರತಿಯೇ ಬೇಕು. ಮೊಬೈಲ್ ಒಳಗೆ ಬಿಡುವುದಿಲ್ಲವಾದ್ದರಿಂದ ಚೀಟಿ ಮೊಬೈಲಿನಲ್ಲಿದೆ ಎಂದರೆ ಗೇಟಿನಲ್ಲಿ ನಡೆಯುವುದಿಲ್ಲ. ಹುಲಿ ಚೆನ್ನಾಗಿ ಕಾಣುವುದು ನೀರು ಬತ್ತಿದ ಏಪ್ರಿಲ್–ಮೇಯಲ್ಲಿ, ಅಂದರೆ ಮನುಷ್ಯರು ಇರಬಾರದ ಕಾಲದಲ್ಲಿ. ಮಕ್ಕಳಿದ್ದರೆ ಫೆಬ್ರವರಿಗೆ ಹೋಗಿ, ಕಂಡಷ್ಟು ಕಂಡಿತು.

ನಾಗಪುರದ ಸಾವಜಿ ಖಾರ ಕೋಲ್ಹಾಪುರವನ್ನು ನಾಚಿಸುತ್ತದೆ. ಕೋಳಿ ಸುಕ್ಕ ತಿಂದವರೂ ಮೊದಲ ದಿನ ಅರ್ಧ ಪ್ಲೇಟಿನಿಂದ ಶುರು ಮಾಡುವುದು ಕ್ಷೇಮ.

ಕಾರಿನಲ್ಲಿ ಹೋಗುವವರಿಗೆ 701 ಕಿ.ಮೀ. ಉದ್ದದ ಮುಂಬಯಿ–ನಾಗಪುರ ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಿಂದ ಪೂರ್ತಿ ತೆರೆದಿದೆ. ಗಂಟೆಗಟ್ಟಲೆ ತಿರುವಿಲ್ಲದ ಕಾಂಕ್ರೀಟು, ಬಯಲು ಭಾಗದಲ್ಲಿ ವೇಗಮಿತಿ 120. ಇಲ್ಲಿ ಅಪಘಾತಕ್ಕೆ ಕಾರಣ ಗುಂಡಿಯಲ್ಲ, ನಿದ್ದೆ ಮತ್ತು ಟಯರು. ಐದು ವರ್ಷ ದಾಟಿದ ಟಯರಿನಲ್ಲಿ ಹೋಗಬೇಡಿ, ಗಾಳಿಯನ್ನು ಬೆಳಿಗ್ಗೆ ಟಯರು ತಣ್ಣಗಿದ್ದಾಗ ನೋಡಿಸಿ, ಎರಡು ಗಂಟೆಗೊಮ್ಮೆ ಇಳಿಯಿರಿ. ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಇದೇ ದಾರಿಯಲ್ಲಿ ಬುಲಢಾಣಾದ ಲೋಣಾರ್ ಸರೋವರಕ್ಕೆ ಹೊರಳಬಹುದು: ಲಾವಾ ಬಂಡೆಗೆ ಉಲ್ಕೆ ಬಡಿದು ಆದ, 1.8 ಕಿ.ಮೀ. ಅಗಲದ ಗುಳಿ. ಸಂಭಾಜಿನಗರದ ಏಜೆಂಟರು ಇದನ್ನು ತಮ್ಮ ಪಟ್ಟಿಯಲ್ಲಿ ಸೇರಿಸುತ್ತಾರೆ, ಅಲ್ಲಿಂದ ಅದಕ್ಕೊಂದು ಇಡೀ ದಿನ ಹೋಗುತ್ತದೆ.

ಬುಂದೇಲಖಂಡ: ಪುರುಸೊತ್ತು ಇರುವವರಿಗೆ

ಉತ್ತರಪ್ರದೇಶ, ಮಧ್ಯಪ್ರದೇಶಗಳಲ್ಲಿ ಹಂಚಿಹೋದ ನಾಡು: ಝಾನ್ಸಿ, ಮಹೋಬಾ, ಬಾಂದಾ ಒಂದು ಕಡೆ, ಓರಛಾ, ಛತರಪುರ, ಪನ್ನಾ ಇನ್ನೊಂದು ಕಡೆ. ಇಲ್ಲಿ ಎರೆಮಣ್ಣಿನ ಲಾವಾ ಇಲ್ಲ, ಗ್ರಾನೈಟ್. ಹಂಪಿ, ಚಿತ್ರದುರ್ಗ ಕಂಡವರಿಗೆ ರೈಲಿನ ಕಿಟಕಿಯಲ್ಲಿ ಅವೇ ಗುಂಡುಕಲ್ಲುಗಳು. ಬಂಡೆಯಲ್ಲಿ ನೀರು ಇಂಗದ ಕಾರಣ ಚಂದೇಲ ಅರಸರು ಮಹೋಬಾದಲ್ಲಿ ದೊಡ್ಡ ಕೆರೆಗಳನ್ನು ಕಟ್ಟಿದರು, ಅವುಗಳ ಆಸುಪಾಸಿನಲ್ಲಿ ವೀಳ್ಯದ ತೋಟ ಬೆಳೆಯಿತು. ಮಹೋಬಾದ ವೀರರಾದ ಆಲ್ಹಾ–ಊದಲರ ಕಥೆಯನ್ನು ಮಳೆಗಾಲದಲ್ಲಿ ಹಾಡುತ್ತಾರೆ. ಬಡತನ, ಗುಳೆ, ಶೌರ್ಯದ ಹಾಡು ಮೂರೂ ಒಟ್ಟಿಗಿರುವ ಸೀಮೆ.

ಓರಛಾ ಝಾನ್ಸಿಯಿಂದ ಆಟೋದ ದೂರ, ಅಗ್ಗ, ಶಾಂತ. ಅಲ್ಲಿ ರಾಮ ದೇವರಷ್ಟೇ ಅಲ್ಲ, ರಾಜ. ಪೊಲೀಸರು ದಿನವೂ ಬಂದೂಕಿನ ಗೌರವವಂದನೆ ಸಲ್ಲಿಸುತ್ತಾರೆ. ಖಜುರಾಹೋ ಅಲ್ಲಿಂದ ಸುಮಾರು 175 ಕಿ.ಮೀ., ಕಾರು ಹಿಡಿದರೆ ಅರ್ಧ ದಿನ. ಐದೇ ದಿನ ಇದ್ದರೆ ಖಜುರಾಹೋ ಬಿಟ್ಟು ಓರಛಾದಲ್ಲಿ ಮೂರು ರಾತ್ರಿ ಇರುವುದೇ ಲೇಸು. ಇದನ್ನು ಒಪ್ಪದವರು ಬಹಳ ಮಂದಿ, ಆದರೆ ಮಧ್ಯಾಹ್ನ ಮುಟ್ಟಿ ಸಂಜೆ ಹೊರಡುವವರಿಗೆ ಖಜುರಾಹೋ ತನ್ನ ಒಂದು ಮುಖವನ್ನಷ್ಟೇ ತೋರಿಸುತ್ತದೆ, ಅದನ್ನು ಎಲ್ಲರೂ ಚಿತ್ರದಲ್ಲಿ ನೋಡಿಯೇ ಇರುತ್ತಾರೆ.

ಗೋವಾದ ಕನ್ನಡಿಗರಿಗೆ ಇಲ್ಲಿಗೆ ದಿನವೂ ನೇರ ರೈಲಿದೆ. ವಾಸ್ಕೊದಿಂದ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿ, ಪುಣೆ, ಭೋಪಾಲ್ ಮೂಲಕ ಝಾನ್ಸಿಗೆ ಹೋಗುತ್ತದೆ. ಮಡಗಾಂವ್‌ನಿಂದ ಮಂಗಳಾ ಎಕ್ಸ್‌ಪ್ರೆಸ್ ಕೂಡ. ಮರಾಠವಾಡಕ್ಕೆ ಗೋವಾದವರು ದಾರಿಯಲ್ಲಿ ರೈಲು ಬದಲಾಯಿಸಬೇಕು. ಮುಂಬಯಿಯಿಂದ ಪಂಜಾಬ್ ಮೇಲ್, ಪುಣೆಯಿಂದ ಝೇಲಂ. ಮುಂಬಯಿಯಿಂದಲೇ ಸುಮಾರು ಇಪ್ಪತ್ತು ಗಂಟೆ, ಉಳಿದವರಿಗೆ ಇನ್ನೂ ಹೆಚ್ಚು. ಡಿಸೆಂಬರ್ ಕೊನೆ, ಜನವರಿಯಲ್ಲಿ ಹೋಗುವ ರೈಲು ಹೇಗೋ ಹೊತ್ತಿಗೆ ಮುಟ್ಟಿಸುತ್ತದೆ. ಮರಳುವ ರೈಲು ಮಂಜು ಕವಿದ ದಿಲ್ಲಿ, ಪಂಜಾಬ್ ಕಡೆಯಿಂದ ಬರಬೇಕು, ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಸೋಮವಾರ ಬೆಳಿಗ್ಗೆ ಆಫೀಸು ಇರುವವರು ಭಾನುವಾರ ತಲುಪುವ ರೈಲು ನಂಬಬೇಡಿ, ಶನಿವಾರದ್ದು ಹಿಡಿಯಿರಿ.

ಛತ್ತೀಸಗಢದ ಬಸ್ತರ್ ಬಗ್ಗೆಯೂ ಕೇಳುವವರಿದ್ದಾರೆ. ಮುಂಬಯಿಯಿಂದ ರಾಯಪುರ, ಅಲ್ಲಿಂದ ರಸ್ತೆಯಲ್ಲಿ ಜಗದಲ್ಪುರ ಎಂದರೆ ಹೋಗಿ ಬರುವುದಕ್ಕೇ ಮೂರು ದಿನ ಖರ್ಚು. ಹತ್ತು ದಿನ ಇದ್ದಾಗ ನೋಡೋಣ.

ಟಿಕೆಟ್ ತೆಗೆಯುವ ಮುನ್ನ

ಹೆಸರುಗಳು ಬದಲಾಗಿವೆ. ಔರಂಗಾಬಾದ್ ಈಗ ಛತ್ರಪತಿ ಸಂಭಾಜಿನಗರ, ಉಸ್ಮಾನಾಬಾದ್ ಧಾರಾಶಿವ, ಝಾನ್ಸಿಯ ಸ್ಟೇಷನ್ ವೀರಾಂಗನಾ ಲಕ್ಷ್ಮೀಬಾಯಿ. ಆ್ಯಪಿನಲ್ಲಿ ಹಳೆಯ ಹೆಸರಿಗೆ ರೈಲು ಕಾಣದಿದ್ದರೆ ಹೊಸದನ್ನು ಹಾಕಿ ನೋಡಿ. ರೈಲ್ವೆ ಮುಂಗಡ ಈಗ 60 ದಿನ. ದೀಪಾವಳಿಗೆ ಹೋಗುವವರು ಗಣೇಶ ಚೌತಿಯ ಆಸುಪಾಸಿನಲ್ಲೇ ಕೂತು ಒತ್ತಬೇಕು. ಬುಕಿಂಗಿನ ಕ್ರಮವೂ ನಾಡಿಗೆ ತಕ್ಕಂತೆ ಬೇರೆ. ವಿದರ್ಭಕ್ಕೆ ಮೊದಲು ಸಫಾರಿ, ಆಮೇಲೆ ರೈಲು. ಮಾಳವಕ್ಕೆ ಮೊದಲು ಮಾಂಡುವಿನ ಕೋಣೆ, ಯಾಕೆಂದರೆ ಅಲ್ಲಿ ಇರುವುದೇ ಬೆರಳೆಣಿಕೆಯಷ್ಟು. ಬುಂದೇಲಖಂಡಕ್ಕೆ ಮೊದಲು ಮರಳುವ ಟಿಕೆಟ್. ಮರಾಠವಾಡಕ್ಕೆ ಕ್ಯಾಲೆಂಡರ್ ತೆಗೆದು ಸೋಮವಾರ, ಮಂಗಳವಾರಗಳ ಮೇಲೆ ಗೆರೆ ಎಳೆದರೆ ಉಳಿದದ್ದನ್ನು ಹಿಂದಿನ ವಾರ ನೋಡಿಕೊಂಡರೂ ನಡೆಯುತ್ತದೆ, ರೈಲು ಸಿಗದಿದ್ದರೆ ಪುಣೆಯಿಂದ ಎಸ್‌ಟಿ ಇದ್ದೇ ಇದೆ.